ಬಯಲಿಗೆ ಬಂದ ಓಟಗಾರ

ಧಾರವಾಡದ ಸೋದರಮಾವನ ಮನೆಯಲ್ಲಿ ಕಂಪ್ಯೂಟರಿಗೆ ಸದಾ ಒಂದು ಹೂವಿನ ಬಟ್ಟೆ ಹೊದಿಸಿರುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಮಾತು. ಬೇಸಿಗೆ ರಜೆಗೆ ಹೋದ ನಾನು, ನನ್ನ ತಂಗಿ, ಮಾವನ ಮಗ, ಮೂವರೂ ಮಧ್ಯಾಹ್ನ ಮಾವ ಮಲಗುವುದನ್ನೇ ಕಾಯುತ್ತಿದ್ದೆವು. ಆಮೇಲೆ ಬಟ್ಟೆ ಸರಿಸಿ, ಯಾರದೋ ಕೈಯಿಂದ ಬಂದಿದ್ದ ಸೀಡಿ ಹಾಕಿ ಸೋನಿಕ್ ಆಡುವುದು. ಅಣ್ಣ ಮಾಡಿದ ನಿಯಮ ಕಟ್ಟುನಿಟ್ಟಾಗಿತ್ತು. ಸತ್ತವರು ಕೀಬೋರ್ಡು ಬಿಡಬೇಕು, ಮುಂದಿನ ಪಾಳಿಯವರು ಮೊದಲಿಂದಲೇ ಶುರು ಮಾಡಬೇಕು. ‘ಲೇ, ಅಲ್ಲಿ ಜಿಗಿಬ್ಯಾಡ, ಕೆಳಗ ಮುಳ್ಳು ಅದಾವ’ ಎಂದು ಅವನು ಹಿಂದಿನಿಂದ ಪಿಸುಗುಡುತ್ತಿದ್ದ.

ಈ ನಿಯಮದಿಂದಾಗಿ ಇಡೀ ರಜೆಯಲ್ಲಿ ನಾವು ಹೆಚ್ಚು ದೂರ ಹೋಗಲೇ ಇಲ್ಲ. ಆದರೆ ಮೊದಲ ಹಂತ ಏಂಜಲ್ ಐಲ್ಯಾಂಡ್ ಮಾತ್ರ ಮೂವರಿಗೂ ಬಾಯಿಪಾಠವಾಯಿತು. ಉಂಗುರಗಳು ಎಲ್ಲಿವೆ, ಕಾಲಿಟ್ಟರೆ ಯಾವ ಕಟ್ಟೆ ಕುಸಿಯುತ್ತದೆ, ಎಲ್ಲಿಗೆ ಬಂದಾಗ ಇಡೀ ಕಾಡಿಗೆ ಬೆಂಕಿ ಬೀಳುತ್ತದೆ, ಎಲ್ಲವೂ ಬೆರಳಿಗೆ ಗೊತ್ತಿತ್ತು. ರಜೆ ಮುಗಿಯುವ ಹೊತ್ತಿಗೆ ನಾವು ಕಣ್ಣಿನಿಂದ ನೋಡಿ ಓಡುತ್ತಿರಲಿಲ್ಲ, ನೆನಪಿನಿಂದ ಓಡುತ್ತಿದ್ದೆವು.

ಈ ನೆನಪು ಮರಳಿ ಬಂದಿದ್ದು 2022ರ ಜೂನಿನಲ್ಲಿ. ಆ ವರ್ಷದ ಕೊನೆಗೆ ಬರಲಿದ್ದ ‘ಸೋನಿಕ್ ಫ್ರಾಂಟಿಯರ್ಸ್’ ಎಂಬ ಹೊಸ ಆಟದ ಏಳು ನಿಮಿಷದ ವಿಡಿಯೋ ಹೊರಬಿತ್ತು. ಮೋಡ ಕವಿದ ಆಕಾಶ, ಹಸಿರು ಬಯಲು, ಅಲ್ಲಲ್ಲಿ ಹಾಳುಬಿದ್ದ ಕಲ್ಲಿನ ಕಟ್ಟಡಗಳು, ಆಕಾಶದಲ್ಲಿ ಆಧಾರವೇ ಇಲ್ಲದೆ ತೇಲುವ ಕಂಬಿಗಳು. ನಡುವೆ ಒಬ್ಬನೇ ಓಡುವ ನೀಲಿ ಪ್ರಾಣಿ. ಎದುರಾಗುವವರಿಲ್ಲ, ಮಾತಾಡುವವರಿಲ್ಲ. ಜಗತ್ತಿನಾದ್ಯಂತ ಅಭಿಮಾನಿಗಳು ‘ಇದು ಖಾಲಿ ಬಯಲು’ ಎಂದು ದೂರಿದರು. ಬಿಡುಗಡೆಯನ್ನೇ ಮುಂದೂಡಿ ಎಂದು ಒತ್ತಾಯಿಸಿದವರೂ ಇದ್ದರು. ಸೋನಿಕ್ ಸರಣಿಯ ಹೊಣೆ ಹೊತ್ತಿರುವ ತಕಾಶಿ ಇಝುಕಾ, ಜನ ತಮಗೆ ಗೊತ್ತಿರುವ ಬೇರೆ ಆಟಗಳ ಅಳತೆಗೋಲಿನಿಂದ ಇದನ್ನು ಅಳೆಯುತ್ತಿದ್ದಾರೆ, ಹೊಸ ಬಗೆ ಇನ್ನೂ ಅವರಿಗೆ ಅರ್ಥವಾಗಿಲ್ಲ ಎಂಬರ್ಥದ ಮಾತಾಡಿದರು. ಅದು ಕಂಪನಿಯವರು ಆಡುವ ಮಾಮೂಲಿ ಸಮಜಾಯಿಷಿ ಎಂದು ನಾನೂ ನಕ್ಕೆ. ಆಡದೆಯೇ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ಪುಸ್ತಕದ ಬೆನ್ನುಡಿ ಓದಿ ವಿಮರ್ಶೆ ಬರೆಯುವವರನ್ನು ಬೈಯುವ ನಾನು ಮಾಡಿದ್ದೂ ಅದನ್ನೇ.

ನವೆಂಬರ್ 8ರಂದು ಆಟ ಬಂತು. ಆಡಿದೆ, ಬಿಟ್ಟೆ, ಮತ್ತೆ ಆಡಿದೆ. ‘ಖಾಲಿ’ ಎಂಬ ನಮ್ಮ ದೂರು ತಪ್ಪು ಎಂದು ಈಗ ಅನ್ನಿಸುತ್ತದೆ. ಆಟದಲ್ಲಿ ತೊಡಕೇ ಇಲ್ಲ ಎಂದಲ್ಲ, ತೊಡಕು ಇರುವುದು ಬೇರೆ ಕಡೆ.

ಈ ಆಟಗಳ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ, ಗುಂಡಿ ದಾಟುತ್ತ, ಹಂತದ ಕೊನೆ ಮುಟ್ಟುವುದು ಪ್ಲಾಟ್‌ಫಾರ್ಮ್ ಆಟ. ಮಾರಿಯೋ ಇದರ ದೊಡ್ಡ ಹೆಸರು. ಮಾರಿಯೋಗೆ ಎದುರಾಳಿಯಾಗಿ ಸೆಗಾ ಕಂಪನಿ 1991ರಲ್ಲಿ ತಂದದ್ದು ಸೋನಿಕ್ ಎಂಬ ಹೆಜ್‌ಹಾಗ್. ನಾವು ಅದನ್ನು ಮುಳ್ಳುಹಂದಿ ಎಂದೇ ಕರೆಯುತ್ತಿದ್ದೆವು. ಅದು ಮುಳ್ಳುಹಂದಿಯ ಜಾತಿಯಲ್ಲ ಎಂದು ತಿಳಿಯಲು ಕಾಲೇಜು ಮುಟ್ಟಬೇಕಾಯಿತು. ಓಪನ್ ವರ್ಲ್ಡ್ ಎಂಬುದು ಇನ್ನೊಂದು ಬಗೆ. ಅಲ್ಲಿ ಹಂತಗಳಿಲ್ಲ, ಒಂದು ದೊಡ್ಡ ನಾಡೇ ಇರುತ್ತದೆ. ಯಾವ ದಿಕ್ಕಿಗೆ ಯಾವಾಗ ಹೋಗಬೇಕು ಎಂಬುದು ಆಡುವವರ ಇಷ್ಟ. 2017ರಲ್ಲಿ ಬಂದ ಜೆಲ್ಡಾ ಸರಣಿಯ ‘ಬ್ರೆತ್ ಆಫ್ ದಿ ವೈಲ್ಡ್’ ಆದಮೇಲೆ ಹಳೆಯ ಸರಣಿಗಳಿಗೆಲ್ಲ ಈ ಬಯಲಿನ ಆಸೆ ಹತ್ತಿತು.

ಸೋನಿಕ್ ಹುಟ್ಟಿದ ಬಗೆಯ ಬಗ್ಗೆ ಒಂದು ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮೊದಲ ಆಟದ ಪ್ರೋಗ್ರಾಮರ್ ಯೂಜಿ ನಾಕಾ ಮಾರಿಯೋದ ಮೊದಲ ಹಂತವನ್ನು ಎಷ್ಟು ಬೇಗ ಮುಗಿಸಬಹುದು ಎಂದು ಮತ್ತೆ ಮತ್ತೆ ಆಡುತ್ತಿದ್ದರಂತೆ. ವೇಗದ ಆಟವೊಂದನ್ನು ಮಾಡಬೇಕು ಎಂಬ ಯೋಚನೆ ಅಲ್ಲಿಂದ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಸೋನಿಕ್‌ನ ವೇಗ ಹುಟ್ಟಿದ್ದು ಈಗಾಗಲೇ ಗೊತ್ತಿರುವ ದಾರಿಯಲ್ಲಿ. ಹೊಸದನ್ನು ನೋಡುವ ಕುತೂಹಲಕ್ಕಿಂತ, ನೋಡಿದ್ದನ್ನೇ ಇನ್ನೂ ಚೆನ್ನಾಗಿ ದಾಟುವ ಹಂಬಲ ಅದರಲ್ಲಿದೆ. ಸಾಹಿತ್ಯದ ಮಾತಿನಲ್ಲಿ ಹೇಳುವುದಾದರೆ, ಸೋನಿಕ್ ಮರುಓದಿನ ಆಟ.

ಹಳೆಯ ಹಂತಗಳ ಕಟ್ಟಡ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎಡದಿಂದ ಬಲಕ್ಕೆ ಹೋಗುವ ಒಂದೇ ಗೆರೆ ಎಂದು ಮೇಲುನೋಟಕ್ಕೆ ಕಾಣುತ್ತದೆ. ಒಳಗೆ ಎರಡು ಮೂರು ಅಂತಸ್ತಿನ ದಾರಿಗಳಿರುತ್ತವೆ. ಮೇಲಿನ ದಾರಿ ವೇಗದ್ದು, ಅಲ್ಲೇ ಉಳಿಯುವುದು ಕಷ್ಟ. ಒಂದು ಜಿಗಿತ ತಪ್ಪಿದರೆ ಸಾಯುವುದಿಲ್ಲ, ಕೆಳಗಿನ ದಾರಿಗೆ ಬೀಳುತ್ತೀರಿ. ಕೆಳಗೆ ಮುಳ್ಳು, ನೀರು, ನಿಧಾನ. ತಪ್ಪಿಗೆ ಅಲ್ಲಿ ಸಿಗುವ ಶಿಕ್ಷೆ ಇನ್ನೊಂದು ದಾರಿ. ಹತ್ತನೆಯ ಸಲ ಆಡುವಾಗ ‘ಇಲ್ಲೇ ಅಲ್ಲವೇ ಅವತ್ತು ಬಿದ್ದದ್ದು’ ಎಂದು ಬೆರಳು ಎಚ್ಚರವಾಗುತ್ತದೆ. ಇಕ್ಕಟ್ಟಿನ ಗೆರೆಯೊಳಗೆ ಸಿಗುವ ಈ ಸ್ವಾತಂತ್ರ್ಯ ಅದರ ದೊಡ್ಡ ಗುಣ.

ಓಪನ್ ವರ್ಲ್ಡ್ ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ಅದು ಮೊದಲ ಓದಿನ ಪ್ರಕಾರ. ಆ ಗುಡ್ಡದಾಚೆ ಏನಿದೆ ಎಂಬ ಪ್ರಶ್ನೆಯೇ ಅದರ ಜೀವಾಳ. ಅದಕ್ಕೇ ಜೆಲ್ಡಾದ ನಾಯಕ ನಿಧಾನ. ಬಂಡೆ ಹತ್ತುವಾಗ ಅವನಿಗೆ ದಣಿವಾಗುತ್ತದೆ, ಮಳೆ ಬಂದರೆ ಕೈ ಜಾರುತ್ತದೆ. ಆ ನಿಧಾನದಲ್ಲಿ ಸುತ್ತಲಿನ ನಾಡು ಕಣ್ಣಿಗೆ ಬೀಳುತ್ತದೆ. ಅವನು ನಿಮಿಷಗಟ್ಟಲೆ ನಡೆಯುವ ದಾರಿಯನ್ನು ಸೋನಿಕ್ ಕೆಲವೇ ಕ್ಷಣಗಳಲ್ಲಿ ದಾಟುತ್ತಾನೆ. ಓಡುವವನಿಗೆ ಜಾಗ ಸಾಲದು ಎಂದು ಬಯಲನ್ನು ಹಿಗ್ಗಿಸಬೇಕು. ಹಿಗ್ಗಿಸಿದಷ್ಟೂ ಅದು ತೆಳುವಾಗುತ್ತದೆ. ಏಳು ನಿಮಿಷದ ವಿಡಿಯೋದಲ್ಲಿ ನಾವು ಕಂಡ ಖಾಲಿತನ ಸೋಮಾರಿತನದಿಂದ ಬಂದದ್ದಲ್ಲ, ಈ ಲೆಕ್ಕದಿಂದ ಬಂದದ್ದು.

ಆಟ ಮಾಡಿದವರಿಗೆ ಇದು ಗೊತ್ತಿತ್ತು ಎಂದೇ ನನ್ನ ಊಹೆ. ಅವರು ಇದನ್ನು ಓಪನ್ ವರ್ಲ್ಡ್ ಎನ್ನಲಿಲ್ಲ, ‘ಓಪನ್ ಝೋನ್’ ಎಂದರು. ಹಳೆಯ ಮಾರಿಯೋ ಆಟಗಳಲ್ಲಿ ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಒಂದು ನಕ್ಷೆ ಬರುತ್ತಿತ್ತಲ್ಲ, ಆ ನಕ್ಷೆಯನ್ನೇ ಓಡಾಡಬಹುದಾದ ಜಾಗವಾಗಿ ಮಾಡಿದ್ದೇವೆ ಎಂಬುದು ಅವರ ವಿವರಣೆ. ಬಿಡುಗಡೆಗೆ ಮುಂಚೆ ಇದು ಪದಗಳ ಆಟದಂತೆ ಕಂಡಿತ್ತು. ಆಡುವಾಗ ಅರ್ಥವಾಯಿತು. ಬಯಲಿನ ತುಂಬ ಸಣ್ಣ ಸಣ್ಣ ಓಟಗಳನ್ನು ಚೆಲ್ಲಿದ್ದಾರೆ. ಒಂದು ಸ್ಪ್ರಿಂಗ್ ತುಳಿದರೆ ಕಂಬಿ, ಕಂಬಿಯ ತುದಿಯಲ್ಲಿ ವೇಗದ ಪಟ್ಟಿ, ಅದರಾಚೆ ಒಂದು ಜಿಗಿತ, ಕೊನೆಗೆ ಸಂಗ್ರಹಿಸುವ ಒಂದು ವಸ್ತು. ಹತ್ತು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುವ ಹಳೆಯ ಸೋನಿಕ್ ಹಂತದ ತುಣುಕುಗಳು. ಒಂದು ಕಾದಂಬರಿಯ ವಾಕ್ಯಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಗದ್ದೆಯ ತುಂಬ ಹರಡಿದ ಹಾಗೆ. ಒಂದೊಂದು ವಾಕ್ಯವೂ ಚೆನ್ನಾಗಿದೆ. ಆದರೆ ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ.

ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ಈ ಬಯಲಿನಲ್ಲಿ ಬೀಳುವುದಕ್ಕೆ ಅರ್ಥವಿಲ್ಲ. ಕಂಬಿ ತಪ್ಪಿದರೆ ಹುಲ್ಲಿನ ಮೇಲೆ ಬೀಳುತ್ತೀರಿ, ಅಷ್ಟೇ. ಕೆಳಗಿನ ದಾರಿ ಎಂಬುದೇ ಇಲ್ಲ. ಮತ್ತೆ ಸ್ಪ್ರಿಂಗ್ ಹುಡುಕಿ ಹೋಗಬಹುದು, ಬೇಡವೆಂದರೆ ಬೇರೆ ಕಡೆ ಹೋಗಬಹುದು. ಎಲ್ಲಿಗೆ ಬೇಕಾದರೂ ಹೋಗಬಹುದಾದಾಗ ತಪ್ಪಿಗೆ ಬೆಲೆ ಇಳಿಯುತ್ತದೆ. ತಪ್ಪಿಗೆ ಬೆಲೆಯಿಲ್ಲದ ಕಡೆ ಕಲಿಯುವ ಅಗತ್ಯ ಬೀಳುವುದಿಲ್ಲ, ಕಲಿಯದೆ ವೇಗಕ್ಕೆ ರುಚಿ ಹತ್ತುವುದಿಲ್ಲ. ಮೊದಲ ದಿನ ಎಷ್ಟು ವೇಗವಾಗಿ ಓಡಿದೆನೋ ಹತ್ತನೆಯ ದಿನವೂ ಅಷ್ಟೇ ವೇಗವಾಗಿ ಓಡಿದೆ. ಗುಂಡಿ ಒತ್ತಿದರೆ ವೇಗ ಬರುತ್ತದೆ. ವೇಗ ಕಮ್ಮಿ ಎನ್ನಿಸಿದರೆ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಗೆರೆ ಎಳೆದು ಹೆಚ್ಚಿಸಿಕೊಳ್ಳಲೂಬಹುದು. ಮಾವನ ಮನೆಯಲ್ಲಿ ವೇಗ ನಾವು ಒಂದು ರಜೆ ಪೂರ್ತಿ ದುಡಿದು ಗಳಿಸಿದ್ದಾಗಿತ್ತು. ಇಲ್ಲಿ ಅದು ಕೊಡುಗೆಯಾಗಿ ಬಂದಿದೆ.

ಇದರ ತಮಾಷೆಯ ಉದಾಹರಣೆ ಎಂದರೆ ಬಿಗ್ ಎಂಬ ದಡೂತಿ ಬೆಕ್ಕು. ದ್ವೀಪದ ಒಂದು ಮೂಲೆಯಲ್ಲಿ ಅವನು ಗಾಳ ಹಿಡಿದು ಕೂತಿರುತ್ತಾನೆ. ಅವನ ಪಕ್ಕ ಕೂತು ಮೀನು ಹಿಡಿದರೆ ಟೋಕನ್ ಸಿಗುತ್ತವೆ. ಕತೆ ಮುಂದುವರಿಯಲು ಬೇಕಾದ ಕೀಲಿ, ನೆನಪಿನ ತುಣುಕು ಎಲ್ಲವನ್ನೂ ಆ ಟೋಕನ್ ಕೊಟ್ಟು ಕೊಳ್ಳಬಹುದು. ಜಗತ್ತಿನ ಅತಿ ವೇಗದ ಪ್ರಾಣಿ ಓಡದೆ, ಕೊಳದ ದಡದಲ್ಲಿ ಕೂತು ಆಟದ ಬಹುಪಾಲನ್ನು ದಾಟಿಬಿಡಬಹುದು! ಅಕ್ಕನ ಮಗ ನನ್ನ ಮನೆಗೆ ಬಂದಾಗ ಮಾಡಿದ್ದು ಅದನ್ನೇ. ಎರಡು ಗಂಟೆ ಮೀನು ಹಿಡಿದ. ‘ಓಡೋದು ಯಾವಾಗೋ?’ ಎಂದರೆ, ‘ಇರಿ ಮಾಮ, ಇಲ್ಲಿ ಚೆನ್ನಾಗಿದೆ’ ಎಂದ. ಅವನ ತಪ್ಪೇನೂ ಇಲ್ಲ. ಆ ಕೊಳದ ದಡದಲ್ಲಿ ನಿಜಕ್ಕೂ ಚೆನ್ನಾಗಿದೆ.

ಇನ್ನೊಂದು ದೋಷ ತಾಂತ್ರಿಕವಾದದ್ದು, ಆದರೆ ಅದರಲ್ಲೂ ಒಂದು ಅರ್ಥವಿದೆ. ದೂರದ ಕಂಬಿಗಳು, ಕಟ್ಟೆಗಳು ದೂರದಿಂದ ಕಾಣುವುದಿಲ್ಲ. ಹತ್ತಿರ ಹೋದಾಗ ದಿಢೀರನೆ ಗಾಳಿಯಲ್ಲಿ ಮೂಡುತ್ತವೆ. ನಡೆಯುವವನಿಗೆ ಇದು ಸಣ್ಣ ಕಿರಿಕಿರಿ. ಓಡುವವನಿಗೆ ಹಾಗಲ್ಲ. ಓಡುವವನು ಮುಂದಿನ ಹೆಜ್ಜೆಗಿಂತ ಹತ್ತು ಹೆಜ್ಜೆ ಆಚೆ ನೋಡಬೇಕು. ಹಳೆಯ ಆಟದ ಪರದೆಯಲ್ಲೂ ಮುಂದಿನದು ಹೆಚ್ಚು ಕಾಣುತ್ತಿರಲಿಲ್ಲ, ನಿಜ. ಆಗ ಕಣ್ಣಿಗೆ ಕಾಣದ್ದನ್ನು ನೆನಪು ತುಂಬಿಕೊಡುತ್ತಿತ್ತು. ಬಯಲಿನಲ್ಲಿ ನೆನಪು ಬೆಳೆಯಲು ಪುರುಸೊತ್ತೇ ಇಲ್ಲ. ಒಂದು ದ್ವೀಪ ಪರಿಚಯವಾಗುವ ಹೊತ್ತಿಗೆ ಕತೆ ನಮ್ಮನ್ನು ಮುಂದಿನ ದ್ವೀಪಕ್ಕೆ ಕಳಿಸಿರುತ್ತದೆ.

ಹಾಗಾದರೆ ಬಯಲು ವ್ಯರ್ಥವೇ? ಅಲ್ಲ. ಖಾಲಿತನವನ್ನು ಬೈದ ನಾವು ಸೋತದ್ದು ಇಲ್ಲಿ. ಕ್ರೋನೋಸ್ ಎಂಬ ಮೊದಲ ದ್ವೀಪಕ್ಕೆ ಕಾಲಿಟ್ಟಾಗ ಹಳೆಯ ಸೋನಿಕ್‌ನ ಕುಣಿಯುವ ಸಂಗೀತ ಇಲ್ಲ. ಮೆಲ್ಲಗೆ, ಬಿಟ್ಟು ಬಿಟ್ಟು ಕೇಳುವ ಪಿಯಾನೋ. ಇಲ್ಲಿ ಹಿಂದೊಮ್ಮೆ ಬೇರೆ ಲೋಕದಿಂದ ಓಡಿಬಂದ ಜನರಿದ್ದರು. ತಮ್ಮ ನೆಲ ನಾಶವಾದ ಮೇಲೆ ಬಂದವರು, ಇಲ್ಲಿಯೂ ಉಳಿಯಲಿಲ್ಲ. ಅವರ ನೆನಪುಗಳು ಕೋಕೋ ಎಂಬ ಪುಟ್ಟ ಕಲ್ಲಿನ ಗೊಂಬೆಗಳಲ್ಲಿ ಉಳಿದಿವೆ. ಸೋನಿಕ್‌ನ ಗೆಳೆಯರಾದ ಏಮಿ, ನಕಲ್ಸ್, ಟೇಲ್ಸ್ ಮೂವರೂ ನೆರಳಿನಂತೆ ಅರ್ಧ ಈ ಲೋಕದಲ್ಲಿ, ಅರ್ಧ ಇನ್ನೊಂದರಲ್ಲಿ ಸಿಕ್ಕಿಕೊಂಡಿದ್ದಾರೆ. ಏಮಿ ತನ್ನ ಪ್ರೀತಿಯವರನ್ನು ಹುಡುಕುವ ಒಂದು ಕೋಕೋಗೆ ನೆರವಾಗುತ್ತಾಳೆ. ತನ್ನ ಕುಲಕ್ಕೆ ಕೊನೆಯವನಾದ ನಕಲ್ಸ್ ಕಾದು ಅಳಿದ ಆ ಜನರಲ್ಲಿ ತನ್ನ ಪಾಡನ್ನೇ ಕಾಣುತ್ತಾನೆ. ಸೋನಿಕ್ ಹೆಚ್ಚು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. ಈ ಕತೆ ಬರೆದವರು ಸೋನಿಕ್ ಕಾಮಿಕ್ಸ್‌ಗಳನ್ನು ವರ್ಷಗಟ್ಟಲೆ ಬರೆದ ಇಯಾನ್ ಫ್ಲಿನ್. ಇಂಥ ಕತೆ ಜನನಿಬಿಡ ನಾಡಿನಲ್ಲಿ ನಡೆಯಲಾರದು. ಹಾಳೂರಿನ ಕತೆಗೆ ಹಾಳೂರೇ ಬೇಕು. ನಾವು ವಿಡಿಯೋದಲ್ಲಿ ಕಂಡ ಖಾಲಿ ಬಯಲು ಒಂದು ಮಸಣವಾಗಿತ್ತು. ಅದು ನಮಗೆ ತಿಳಿಯಲಿಲ್ಲ. ಆ ಮಸಣದ ಮೇಲೆ ತೂಗಾಡುವ ಬಣ್ಣದ ಕಂಬಿಗಳು ಮಾತ್ರ ಕೊನೆಯವರೆಗೂ ಬೇರೆ ಯಾವುದೋ ಆಟದಿಂದ ತಂದು ತೂಗುಹಾಕಿದಂತೆಯೇ ಕಂಡವು.

ಬಯಲಿನಿಂದಲೇ ಹುಟ್ಟಿದ ಇನ್ನೊಂದು ಸೊಗಸೂ ಇದೆ, ಸೈಲೂಪ್ ಎಂಬ ಹೊಸ ವಿದ್ಯೆ. ಒಂದು ಗುಂಡಿ ಅದುಮಿಕೊಂಡು ಓಡಿದರೆ ಸೋನಿಕ್‌ನ ಹಿಂದೆ ಬೆಳಕಿನ ಗೆರೆ ಮೂಡುತ್ತದೆ. ಗೆರೆಯ ಎರಡು ತುದಿ ಕೂಡಿಸಿ ವೃತ್ತ ಮಾಡಿದರೆ ಒಳಗಿನ ಶತ್ರುವಿನ ರಕ್ಷಣೆ ಒಡೆಯುತ್ತದೆ, ಒಗಟು ಬಿಡಿಸುತ್ತದೆ, ಕೆಲವೊಮ್ಮೆ ಉಂಗುರಗಳು ಹೊಮ್ಮುತ್ತವೆ. ಅಡ್ಡ ಮಲಗಿಸಿದ ಎಂಟರ ಆಕಾರ ಬರೆದರೆ ಸ್ವಲ್ಪ ಹೊತ್ತು ದಣಿವೇ ಇಲ್ಲದ ಓಟ. ಅಂಗಳದಲ್ಲಿ ರಂಗೋಲಿ ಎಳೆಯುವವರ ಹಾಗೆ ಕೈ ಎತ್ತದೆ ಎಳೆಯಬೇಕು, ಕೂಡಿಸಬೇಕು. ಮೂವತ್ತು ವರ್ಷ ಬೇರೆಯವರು ಎಳೆದ ಗೆರೆಯ ಮೇಲೆ ಓಡಿದವನು ಇಲ್ಲಿ ಮೊದಲ ಬಾರಿಗೆ ತಾನೇ ಗೆರೆ ಎಳೆಯುತ್ತಾನೆ. ಇಡೀ ಆಟ ಈ ಒಂದು ಯೋಚನೆಯ ಸುತ್ತ ಕಟ್ಟಿದ್ದರೆ ಎಂದು ಆಸೆಯಾಗುತ್ತದೆ.

ಆಟದ ಒಳಗೇ ಹಳೆಯ ಬಗೆಯ ಗೆರೆಗಳೂ ಇವೆ. ಸೈಬರ್ ಸ್ಪೇಸ್ ಎಂಬ ಹೆಸರಿನ 30 ಹಂತಗಳು ಚಿಕ್ಕವು, ಗಡಿಯಾರ ಇಟ್ಟುಕೊಂಡು ಆಡುವಂಥವು. ಅವುಗಳಲ್ಲಿ ಕೆಲವಕ್ಕೆ ‘ಸೋನಿಕ್ ಅಡ್ವೆಂಚರ್ 2’, ‘ಸೋನಿಕ್ ಅನ್‌ಲೀಶ್ಡ್’ ಮೊದಲಾದ ಹಿಂದಿನ ಆಟಗಳ ದಾರಿಯನ್ನೇ ಬಳಸಿಕೊಂಡಿದ್ದಾರೆ. ನೋಟವೂ ಹಳೆಯ ಹಂತಗಳದ್ದೇ: ಗ್ರೀನ್ ಹಿಲ್, ಕೆಮಿಕಲ್ ಪ್ಲಾಂಟ್, ಸ್ಕೈ ಸ್ಯಾಂಕ್ಚುಯರಿ. ಇದನ್ನು ಬಡತನ ಎಂದು ಹಲವರು ಹಂಗಿಸಿದರು. ನನಗೆ ಹಾಗೆ ಅನ್ನಿಸಲಿಲ್ಲ. ಸ್ಕೈ ಸ್ಯಾಂಕ್ಚುಯರಿ ಮಾವನ ಮನೆಯ ಆ ಸೀಡಿಯ ಕೊನೆಯಲ್ಲೇ ಇದ್ದ ಹಂತ, ನಮ್ಮ ಪಾಳಿಯ ನಿಯಮದಿಂದ ನಾವೆಂದೂ ಮುಟ್ಟದಿದ್ದ ಹಂತ. ಮೋಡದ ಮೇಲಿನ ಆ ಕಂಬಗಳನ್ನು ನಾನು ಮೊದಲು ಕಂಡದ್ದು ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ, ಇನ್ನೊಂದು ಆಟದಲ್ಲಿ, ನೆನಪಿನ ರೂಪದಲ್ಲಿ. ಅಲ್ಲಿ ಒಂದು ಹಂತವನ್ನು ಹದಿನೈದು ಸಲ ಆಡಿದೆ. ಬಿದ್ದೆ, ಕಲಿತೆ. ಬೆರಳಿಗೆ ಹಳೆಯ ಚುರುಕು ಬಂತು.

ಆಮೇಲೆ ನಡೆದದ್ದೂ ಗಮನಾರ್ಹ. 2023ರಲ್ಲಿ ಸೆಗಾ ಉಚಿತವಾಗಿ ಮೂರು ಸೇರ್ಪಡೆಗಳನ್ನು ಕೊಟ್ಟಿತು. ಮಾರ್ಚಿನಲ್ಲಿ ಬಂದದ್ದು ಸೈಬರ್ ಸ್ಪೇಸ್ ಹಂತಗಳನ್ನು ಸಾಲಾಗಿ ಸಮಯಕ್ಕೆ ಕಟ್ಟುಬಿದ್ದು ಓಡುವ ಸ್ಪರ್ಧೆ. ಜೂನಿನಲ್ಲಿ ಬಯಲಿನಲ್ಲೇ ಸರಪಳಿಯಂತೆ ಕಸರತ್ತು ಜೋಡಿಸುವ ಸ್ಪರ್ಧೆಗಳು, ಜೊತೆಗೆ ಹಳೆಯ ಆಟಗಳ ಸ್ಪಿನ್ ಡ್ಯಾಶ್. ಸೆಪ್ಟೆಂಬರಿನಲ್ಲಿ ಬಂದ ‘ದಿ ಫೈನಲ್ ಹೊರೈಝನ್’ ಇನ್ನೂ ಮುಂದೆ ಹೋಯಿತು. ಹೊಸ ದ್ವೀಪ ಕೊಡಲಿಲ್ಲ. ಕೊನೆಯ ದ್ವೀಪ ಔರಾನೋಸನ್ನೇ ಮತ್ತೊಮ್ಮೆ, ಬೇರೆ ಅಡೆತಡೆಗಳೊಂದಿಗೆ, ಬೇರೆ ಕತೆಯೊಂದಿಗೆ ಕೊಟ್ಟಿತು. ಅಲ್ಲಿ ಹತ್ತಬೇಕಾದ ಎತ್ತರದ ಗೋಪುರಗಳಿವೆ. ತುದಿಯ ಹತ್ತಿರ ಕಾಲು ಜಾರಿದರೆ ಬುಡಕ್ಕೆ. ವಿಪರೀತ ಕಷ್ಟ ಎಂದು ಬಹಳ ಮಂದಿ ಗೊಣಗಿದರು, ನಾನೂ ಗೊಣಗಿದೆ. ಆದರೆ ಆ ಬಯಲಿನಲ್ಲಿ ಬೀಳುವುದಕ್ಕೆ ಅರ್ಥ ಬಂದದ್ದು ಆಗಲೇ. ಮೂರು ಸೇರ್ಪಡೆಗಳೂ ಹೇಳಿದ್ದು ಒಂದೇ: ಹೊಸ ಜಾಗ ಬೇಡ, ಇರುವ ಜಾಗವನ್ನೇ ಮತ್ತೆ ಓಡಿ. ಬಯಲಿಗೆ ಹೊರಟ ಆಟ ಒಂದು ವರ್ಷದೊಳಗೆ ಮರುಓದಿಗೆ ಮರಳಿತ್ತು.

ಬಯಲಿಗೂ ಮರುಓದಿಗೂ ವೈರವಿದೆ ಎಂದು ಇಲ್ಲಿಯವರೆಗೆ ಹೇಳುತ್ತ ಬಂದೆ. ಕನ್ನಡದವರಾದ ನಾವು ಅದನ್ನು ಪೂರ್ತಿ ನಂಬಬೇಕಿಲ್ಲ. ನಮ್ಮ ಕರಾವಳಿಯಲ್ಲಿ ಬಯಲಾಟವಿದೆ. ಕೊಯ್ಲಾದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು ಮಾವಿನೆಲೆ ಕಟ್ಟಿದರೆ ಅದೇ ರಂಗಸ್ಥಳ. ಸುತ್ತ ಎಷ್ಟು ದೊಡ್ಡ ಗದ್ದೆಯಿದ್ದರೂ ಆಟ ನಡೆಯುವುದು ಆ ನಾಲ್ಕು ಕಂಬಗಳ ನಡುವೆ. ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ, ಕೀಚಕ ಸಾಯುತ್ತಾನೆ ಎಂದು ತಿಳಿಯಲು ಯಾರೂ ರಾತ್ರಿಯಿಡೀ ಕೂರುವುದಿಲ್ಲ. ಇವತ್ತಿನ ಕೀಚಕ ಹೇಗೆ ಬರುತ್ತಾನೆ, ಯಾವ ಮಾತಿಗೆ ಯಾವ ಮಾತು ಜೋಡಿಸುತ್ತಾನೆ ಎಂದು ನೋಡಲು ಕೂರುತ್ತಾರೆ. ಬಯಲಿನಲ್ಲೂ ಮರುಓದು ಸಾಧ್ಯ. ಅದಕ್ಕೆ ನಾಲ್ಕು ಕಂಬ ಬೇಕು, ಬಾಯಿಪಾಠವಾದ ಒಂದು ಕತೆ ಬೇಕು.

ಇತ್ತೀಚೆಗೆ ಒಂದು ಸಂಜೆ ಫ್ರಾಂಟಿಯರ್ಸ್ ಮತ್ತೆ ತೆರೆದೆ. ನಕ್ಷೆ ನೋಡುವುದಿಲ್ಲ ಎಂದು ತೀರ್ಮಾನಿಸಿ ಕ್ರೋನೋಸ್‌ನ ಒಂದು ಬೆಟ್ಟದ ಬುಡದಿಂದ ಕಡಲ ತೀರದವರೆಗೆ ಒಂದು ದಾರಿ ನಾನೇ ಗೊತ್ತು ಮಾಡಿಕೊಂಡೆ. ಹುಲ್ಲಿಗೆ ಬಿದ್ದರೆ ಮೊದಲಿಂದ ಶುರು, ಅಣ್ಣನ ಹಳೆಯ ನಿಯಮ. ಮೊದಲ ಏಳೆಂಟು ಸಲ ಬಿದ್ದೆ. ಒಂದು ಗಂಟೆಯ ಮೇಲೆ ಯಾವ ಕಲ್ಲಿನ ಪಕ್ಕ ತಿರುಗಬೇಕು, ಯಾವ ಕಂಬಿಯನ್ನು ಅರ್ಧದಲ್ಲೇ ಬಿಡಬೇಕು ಎಂದು ಕೈಗೆ ತಿಳಿಯತೊಡಗಿತು. ದ್ವೀಪ ಆಗ ಖಾಲಿ ಎನ್ನಿಸಲಿಲ್ಲ, ದೊಡ್ಡದು ಎಂದೂ ಅನ್ನಿಸಲಿಲ್ಲ. ಗೊತ್ತಿರುವ ಊರಿನ ಹಾಗಿತ್ತು.

ಆದರೆ ಆ ನಿಯಮ ಮಾಡಿದವನು ನಾನು, ಆಟವಲ್ಲ. ಆಡುವವರೇ ಕಂಬ ನೆಟ್ಟುಕೊಳ್ಳಲಿ ಎಂದು ಬಯಲನ್ನು ಬಿಟ್ಟುಕೊಡುವುದು ಔದಾರ್ಯವೂ ಇರಬಹುದು, ಜಾರಿಕೊಳ್ಳುವ ದಾರಿಯೂ ಇರಬಹುದು. ಫ್ರಾಂಟಿಯರ್ಸ್‌ನಲ್ಲಿ ಎರಡೂ ಅರ್ಧರ್ಧ ಇದೆ. ಈ ಸರಣಿ ಮತ್ತೊಮ್ಮೆ ಬಯಲಿಗೆ ಬಂದರೆ ಅದು ಇದಕ್ಕಿಂತ ದೊಡ್ಡದಾಗದಿರಲಿ ಎಂದು ನನ್ನ ಆಸೆ. ಐದು ದ್ವೀಪಗಳ ಬದಲು ಒಂದೇ ಸಾಕು. ಒಂದು ಬೇಸಿಗೆ ರಜೆಯಲ್ಲಿ ಮೂವರು ಮಕ್ಕಳಿಗೆ ಬಾಯಿಪಾಠವಾಗುವಷ್ಟು ಚಿಕ್ಕದು, ಬಿದ್ದರೆ ಇನ್ನೊಂದು ದಾರಿ ಸಿಗುವಷ್ಟು ಆಳವಾದದ್ದು. ವಿಡಿಯೋ ಬಂದಾಗ ಈ ಸಲ ಆಡುವವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ.